‘ಡ್ಯೂನ್’ ಸಾಮ್ರಾಜ್ಯದ ಕೋಶವಿಚಾರ

ಕಲ್ಪಿತ ಸಾಮ್ರಾಜ್ಯವೊಂದನ್ನು ಕಟ್ಟಹೊರಟ ಕಾದಂಬರಿಕಾರನಿಗೆ ದೊರೆಯೊಬ್ಬನನ್ನು ಸಿಂಹಾಸನದ ಮೇಲೆ ಕೂರಿಸುವುದು ಕಷ್ಟವಲ್ಲ. ಅವನ ವಂಶಾವಳಿಯನ್ನು ಬೇಕಾದಷ್ಟು ತಲೆಮಾರುಗಳವರೆಗೆ ಎಳೆಯಬಹುದು. ಸೈನ್ಯಗಳನ್ನು ಹೂಡಿ ಅಧ್ಯಾಯಗಟ್ಟಲೆ ಯುದ್ಧ ಮಾಡಿಸಬಹುದು. ಆದರೆ ಆ ಸೈನಿಕರಿಗೆ ಸಂಬಳ ಕೊಟ್ಟವರು ಯಾರು, ಆ ಹಣ ಯಾರ ಹೊಲದಿಂದ ಅಥವಾ ಯಾವ ಗಣಿಯಿಂದ ಬಂತು ಎಂಬ ಪ್ರಶ್ನೆಯನ್ನು ಇಂಥ ಗ್ರಂಥಗಳು ಸಾಮಾನ್ಯವಾಗಿ ಎತ್ತುವುದಿಲ್ಲ. ಅವುಗಳನ್ನು ಕುರಿತು ಬರೆಯುವ ವಿಮರ್ಶಕರೂ ಎತ್ತುವುದಿಲ್ಲ. ಬೊಕ್ಕಸವೆಂಬುದು ಕಾವ್ಯಕ್ಕೆ ಹೊರತಾದ ವಸ್ತುವೆಂಬ ನಂಬಿಕೆ ನಮ್ಮಲ್ಲಿ ಬಹಳ ಕಾಲದಿಂದ ಬೇರೂರಿದೆ.

ಅಮೆರಿಕದ ಫ್ರ್ಯಾಂಕ್ ಹರ್ಬರ್ಟನ (೧೯೨೦–೧೯೮೬) ‘ಡ್ಯೂನ್’ ಈ ಮಾತಿಗೆ ಒಂದು ಗಣ್ಯವಾದ ಅಪವಾದ. ಪತ್ರಿಕೋದ್ಯೋಗಿಯಾಗಿದ್ದ ಹರ್ಬರ್ಟನು ಇದನ್ನು ಮೊದಲು ೧೯೬೩ರಿಂದ ೧೯೬೫ರವರೆಗೆ ‘ಅನಲಾಗ್’ ಎಂಬ ಮಾಸಪತ್ರಿಕೆಯಲ್ಲಿ ಎರಡು ಭಾಗಗಳಾಗಿ ಧಾರಾವಾಹಿ ಪ್ರಕಟಿಸಿದನು. ಪುಸ್ತಕರೂಪದಲ್ಲಿ ತರಲು ಇಪ್ಪತ್ತಕ್ಕಿಂತ ಹೆಚ್ಚು ಪ್ರಕಾಶಕರು ಒಲ್ಲೆನೆಂದ ಮೇಲೆ, ಮೋಟಾರು ಗಾಡಿಗಳ ದುರಸ್ತಿ ಕೈಪಿಡಿಗಳಿಗೆ ಹೆಸರಾದ ಚಿಲ್ಟನ್ ಸಂಸ್ಥೆ ೧೯೬೫ರಲ್ಲಿ ಅದನ್ನು ಹೊರತಂದಿತು. ಅಂದಿನಿಂದ ಇಂದಿನವರೆಗೆ ಈ ಕೃತಿಯ ಮೇಲೆ ನಡೆದಿರುವ ಚರ್ಚೆಯೆಲ್ಲ ಬಹುಮಟ್ಟಿಗೆ ಎರಡು ವಿಷಯಗಳ ಸುತ್ತ ಸುತ್ತುತ್ತದೆ: ಮರುಭೂಮಿಯ ಜೀವಪರಿಸರ ಒಂದು, ಅವತಾರಪುರುಷನ ಮೇಲಣ ಕುರುಡು ನಂಬಿಕೆಯ ಅಪಾಯ ಮತ್ತೊಂದು. ಇವೆರಡೂ ಕೃತಿಯಲ್ಲಿವೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ‘ಡ್ಯೂನ್’ ತನ್ನ ಬಲವನ್ನು ಪಡೆಯುವುದು ಲೆಕ್ಕಪತ್ರದಿಂದ, ತನ್ನ ಬಲವನ್ನು ಕಳೆದುಕೊಳ್ಳುವುದೂ ಅದೇ ಲೆಕ್ಕಪತ್ರವನ್ನು ಮುಚ್ಚಿಟ್ಟಾಗ ಎಂಬುದು ನನ್ನ ಅಭಿಪ್ರಾಯ. ಇದು ಬ್ಯಾಂಕಿನ ಮೇಜಿನ ಹಿಂದೆ ಕುಳಿತವನ ದೃಷ್ಟಿದೋಷವೆಂದು ಯಾರಾದರೂ ಹೇಳಿಯಾರು. ಹೇಳಲಿ, ಆಧಾರಗಳನ್ನು ಮುಂದಿಡುತ್ತೇನೆ.

ಕೃತಿಯನ್ನು ಓದದವರಿಗಾಗಿ ಕಥೆಯ ಚೌಕಟ್ಟನ್ನಷ್ಟು ಹೇಳಬೇಕು. ಬಹು ದೂರದ ಭವಿಷ್ಯದಲ್ಲಿ ಅಸಂಖ್ಯ ಗ್ರಹಗಳನ್ನು ಒಳಗೊಂಡ ಒಂದು ಸಾಮ್ರಾಜ್ಯವಿದೆ. ಅದರ ಅಧಿಪತಿ ನಾಲ್ಕನೆಯ ಶದ್ದಾಮ್. ‘ಪಾದಶಾಹ’ ಎಂಬುದು ಅವನ ಬಿರುದು. ಒಂದೊಂದು ಗ್ರಹವನ್ನು ಆಳುವ ಸಾಮಂತ ಮನೆತನಗಳು ಲಾಂಡ್ಸ್‌ರಾಡ್ ಎಂಬ ಸಭೆಯಲ್ಲಿ ಒಟ್ಟುಗೂಡಿ ಅವನಿಗೆ ಎದುರು ತೂಕವಾಗಿ ನಿಂತಿವೆ. ಗ್ರಹದಿಂದ ಗ್ರಹಕ್ಕೆ ಸಾಗಣೆ ಮಾಡುವ ಹಕ್ಕು ಗಿಲ್ಡ್ ಎಂಬ ಸಂಘವೊಂದಕ್ಕೇ ಸೇರಿದೆ. ಈ ಗಿಲ್ಡಿನ ನಾವಿಕರಿಗೆ ದಾರಿ ಕಾಣಬೇಕಾದರೆ ಮೆಲಾಂಜ್ ಎಂಬ ಪದಾರ್ಥವನ್ನು ಸೇವಿಸಬೇಕು. ಇದು ಆಯುಷ್ಯವನ್ನೂ ಹೆಚ್ಚಿಸುತ್ತದೆ. ಒಮ್ಮೆ ಅಭ್ಯಾಸವಾದರೆ ಬಿಟ್ಟು ಬದುಕಲಾಗದು. ‘ಮಸಾಲೆ’ ಎಂದು ಕರೆಯಲ್ಪಡುವ ಈ ದ್ರವ್ಯವು ಇಡೀ ವಿಶ್ವದಲ್ಲಿ ಸಿಗುವುದು ಅರ್ರಾಕಿಸ್ ಎಂಬ ನೀರಿಲ್ಲದ ಗ್ರಹದ ಮರಳಿನಲ್ಲಿ ಮಾತ್ರ. ಅದನ್ನು ಅಗೆಯಲು ದೈತ್ಯಾಕಾರದ ಯಂತ್ರಗಳು ಮರಳಿಗಿಳಿಯುತ್ತವೆ. ಅವುಗಳ ಸದ್ದಿಗೆ ಮರಳಿನಡಿಯ ಮಹಾಹುಳುಗಳು ಬಂದು ಯಂತ್ರವನ್ನೂ ಆಳುಗಳನ್ನೂ ನುಂಗುತ್ತವೆ. ಈ ಗ್ರಹವನ್ನು ಎಂಬತ್ತು ವರ್ಷ ಹಾರ್ಕೊನೆನ್ ಮನೆತನವು ಚೋಮ್ ಎಂಬ ವ್ಯಾಪಾರಿ ಕೂಟದ ಕರಾರಿನಡಿಯಲ್ಲಿ ಗಣಿಗಾರಿಕೆಗಾಗಿ ಹಿಡಿದಿತ್ತು. ಅದನ್ನು ಚಕ್ರವರ್ತಿಯು ಕಿತ್ತು, ಪೂರ್ಣ ಸಾಮಂತಾಧಿಕಾರದೊಡನೆ, ಅವರ ವೈರಿಯಾದ ಅಟ್ರೈಡಿಸ್ ಮನೆತನದ ಡ್ಯೂಕ್ ಲೇಟೊವಿಗೆ ಕೊಡುವುದರಿಂದ ಕಥೆ ಮೊದಲಾಗುತ್ತದೆ. ಕೊಡುಗೆಯಂತೆ ತೋರುವ ಇದು ಬೋನು.

ಗಣಿ, ಬೊಕ್ಕಸ, ಸೈನ್ಯ ಇವು ಒಂದರಿಂದೊಂದು ಹುಟ್ಟುತ್ತವೆಂಬ ವಿಚಾರವನ್ನು ಜಗತ್ತಿನಲ್ಲಿ ಅತ್ಯಂತ ಸ್ಪಷ್ಟವಾಗಿ ನುಡಿದ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಆ ಗ್ರಂಥವನ್ನು ಮರಳಿ ಬೆಳಕಿಗೆ ತಂದ ಕೀರ್ತಿ ಮೈಸೂರಿನ ಓರಿಯಂಟಲ್ ಲೈಬ್ರರಿಗೂ ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳಿಗೂ ಸಲ್ಲುತ್ತದೆ. ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಗರಿಯ ಪ್ರತಿಯಿಂದ ಅವರು ೧೯೦೯ರಲ್ಲಿ ಮೂಲವನ್ನು ಅಚ್ಚುಮಾಡಿಸಿದರು. ಇಂಗ್ಲಿಷ್ ಅನುವಾದ ೧೯೧೫ರಲ್ಲಿ ಬಂತು. ಹರ್ಬರ್ಟನ ಸಾಮ್ರಾಜ್ಯವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಕೋಲು ನಮಗೆ ಬೇಕಾಗಿಲ್ಲ.

ಕೌಟಿಲ್ಯನ ಆಕರಾಧ್ಯಕ್ಷ ಪ್ರಕರಣದಲ್ಲಿ ಒಂದು ವಿಧಿಯಿದೆ. ಹೆಚ್ಚು ವೆಚ್ಚವೂ ಶ್ರಮವೂ ಬೇಡುವ ಗಣಿಯನ್ನು ಅರಸನು ಪಾಲಿಗೋ ಗುತ್ತಿಗೆಗೋ ಕೊಡಬೇಕು. ಹಗುರವಾಗಿ ನಡೆಯುವುದನ್ನು ತಾನೇ ನಡೆಸಬೇಕು. ಪಾದಶಾಹನು ಮಾಡಿರುವುದು ಅಕ್ಷರಶಃ ಇದನ್ನೇ. ಹುಳುವಿನ ಬಾಯಿಗೆ ಯಂತ್ರ ಕೊಡುವ ನಷ್ಟ ಗುತ್ತಿಗೆದಾರನದು; ಲಾಭದ ಪಾಲು ಮಾತ್ರ ಅರಮನೆಯದು. ಆದರೆ ಕೌಟಿಲ್ಯನು ಗುತ್ತಿಗೆಯ ಮಗ್ಗುಲಲ್ಲೇ ಲೆಕ್ಕಪರೀಕ್ಷೆಯನ್ನೂ ಇಟ್ಟಿದ್ದಾನೆ. ಅಧಿಕಾರಿಗಳು ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಅವನು ಎಣಿಸಿ ಹೇಳುತ್ತಾನೆ. ಶದ್ದಾಮನಿಗೆ ಅಂಥ ಸಮಾಹರ್ತೃವಿಲ್ಲ. ಅದರ ಫಲವಾಗಿ, ಹಾರ್ಕೊನೆನ್ನರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಸಾಲೆಯನ್ನು ಗುಟ್ಟಾಗಿ ದಾಸ್ತಾನು ಮಾಡುತ್ತ ಬಂದಿದ್ದಾರೆ. ಮುಂದೆ ಉತ್ಪಾದನೆ ಕುಸಿದರೆ ದಾಸ್ತಾನುಳ್ಳವನು ಬೆಲೆ ಗೊತ್ತುಮಾಡುತ್ತಾನೆ. ಚೋಮ್ ಲಾಭವನ್ನೇ ನೆಚ್ಚಿದ ಉಳಿದ ಮನೆತನಗಳು ಕಂಗಾಲಾಗುತ್ತವೆ. ಎಲ್ಲರ ಸಿಟ್ಟೂ ಉತ್ಪಾದನೆಗೆ ಹೊಣೆಯಾದ ಲೇಟೊವಿನ ಮೇಲೆ ತಿರುಗುತ್ತದೆ. ಲೇಟೊ ತನ್ನ ಮಗ ಪಾಲ್‌ನಿಗೆ ಇದನ್ನು ವಿವರಿಸುವ ಸಂಭಾಷಣೆ ಒಂದು ಧಾನ್ಯದ ಮಂಡಿಯಲ್ಲಿ ನಡೆಯಬಹುದಾದ ಮಾತಿನಷ್ಟು ಸರಳವಾಗಿದೆ. ಈ ಕಾದಂಬರಿಯಲ್ಲಿ ಯುದ್ಧವು ಖಡ್ಗದಿಂದ ಹುಟ್ಟುವುದಿಲ್ಲ, ಉಗ್ರಾಣದಿಂದ ಹುಟ್ಟುತ್ತದೆ.

ಚೋಮ್ ಕೂಟವು ತೈಲ ರಫ್ತು ದೇಶಗಳ ಒಕ್ಕೂಟವೇ ಎಂದು ಹರ್ಬರ್ಟನು ೧೯೮೦ರ ಒಂದು ಪ್ರಬಂಧದಲ್ಲಿ ಸ್ವತಃ ಬರೆದಿದ್ದಾನೆ. ಗ್ರಂಥಕರ್ತನ ಮಾತನ್ನು ತಳ್ಳಿಹಾಕುವುದು ಉದ್ಧಟತನವಾದೀತು. ಆದರೂ ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ೧೯೬೦ರಲ್ಲಿ ಬಾಗ್ದಾದಿನಲ್ಲಿ ಸ್ಥಾಪನೆಯಾದ ಆ ಒಕ್ಕೂಟದಲ್ಲಿ ಸದಸ್ಯತ್ವವಿರುವುದು ತೈಲವುಳ್ಳ ದೇಶಗಳಿಗೆ. ಚೋಮ್ ಕೂಟದಲ್ಲಿ ಅರ್ರಾಕಿಸಿನ ಜನರಿಗೆ ಒಂದು ಷೇರೂ ಇಲ್ಲ. ದೂರದಲ್ಲಿ ಕುಳಿತ ನಿರ್ದೇಶಕರು, ಷೇರುಗಳಲ್ಲಿ ಸಿಂಹಾಸನಕ್ಕೂ ಪಾಲು, ಗುತ್ತಿಗೆಗೆ ಹಿಡಿದ ನೆಲ, ಅಲ್ಲಿಯ ಆದಾಯದಿಂದಲೇ ಅಲ್ಲಿಯ ಜನರ ಮೇಲೆ ಸೈನ್ಯ: ಇದರ ಸಾಮ್ಯವನ್ನು ಹುಡುಕಲು ನಾವು ಬಾಗ್ದಾದಿಗೆ ಹೋಗಬೇಕಾಗಿಲ್ಲ. ೧೭೬೫ರಲ್ಲಿ ಬಂಗಾಳದ ದಿವಾನಿಯನ್ನು ಪಡೆದ ಈಸ್ಟ್ ಇಂಡಿಯಾ ಕಂಪನಿಯ ಚರಿತ್ರೆಯನ್ನು ಬಲ್ಲ ಓದುಗನಿಗೆ ಚೋಮ್ ಅಪರಿಚಿತವೆನಿಸದು.

ಈಗ ಅಂಕಿಗಳಿಗೆ ಬರೋಣ. ಹಾರ್ಕೊನೆನ್ನರು ಅರ್ರಾಕಿಸಿನಿಂದ ಪ್ರತಿ ೩೩೦ ದಿನಗಳಿಗೆ ೧,೦೦೦ ಕೋಟಿ ಸೊಲಾರಿ ತೆಗೆಯುತ್ತಿದ್ದರೆಂದು ಲೇಟೊವಿನ ಮಂತ್ರಾಲೋಚನೆಯಲ್ಲಿ ತಿಳಿಯುತ್ತದೆ. ಸೊಲಾರಿ ಎಂಬುದು ಸಾಮ್ರಾಜ್ಯದ ನಾಣ್ಯ. ಇನ್ನೊಂದೆಡೆ, ಪೇಟೆಯಲ್ಲಿ ಮಸಾಲೆಯ ಧಾರಣೆ ಡೆಕಾಗ್ರಾಮಿಗೆ, ಎಂದರೆ ಹತ್ತು ಗ್ರಾಮಿಗೆ, ೬,೨೦,೦೦೦ ಸೊಲಾರಿ ಎಂದಿದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೋಡಿದರೆ ಹದಿನಾರು ಸಾವಿರ ಡೆಕಾಗ್ರಾಮುಗಳ ಸುಮಾರು ಬರುತ್ತದೆ. ಅಂದರೆ ೧೬೧ ಕಿಲೋಗ್ರಾಮು. ಒಂದು ಇಡೀ ಗ್ರಹದ ವರ್ಷಾವಧಿಯ ಗಣಿಗಾರಿಕೆ ಎರಡು ಮೂಟೆ ಅಕ್ಕಿಯ ತೂಕವನ್ನು ತುಸುವೇ ಮೀರಿತೆಂದಾಗುತ್ತದೆ! ಊರಿನಷ್ಟು ದೊಡ್ಡ ಯಂತ್ರಗಳು ಇಷ್ಟಕ್ಕಾಗಿ ಹುಳುವಿಗೆ ಆಹುತಿಯಾಗುತ್ತಿದ್ದವೆಂದು ನಂಬುವುದು ಕಷ್ಟ. ೧,೦೦೦ ಕೋಟಿ ಎಂಬುದು ಎಲ್ಲ ಪಾಲುಗಳೂ ಕಳೆದ ನಿವ್ವಳವಿರಬಹುದು. ಗುತ್ತಿಗೆ ಕೈಬದಲಾದ ಗಲಿಬಿಲಿಯಲ್ಲಿ ಧಾರಣೆ ಏರಿದ್ದಿರಬಹುದು. ಎರಡನ್ನೂ ಒಪ್ಪಿದರೂ ಅಂತರ ತುಂಬುವುದಿಲ್ಲ. ಹರ್ಬರ್ಟನು ಈ ಗುಣಾಕಾರವನ್ನು ಮಾಡಿ ನೋಡಲಿಲ್ಲವೆಂದೇ ತೋರುತ್ತದೆ. ಇದನ್ನು ದೊಡ್ಡ ಕುಂದೆಂದು ನಾನು ಎಣಿಸುವುದಿಲ್ಲ. ಅಂಕಿಯನ್ನು ಬರೆಯುವ ಧೈರ್ಯ ಮಾಡಿದವನೇ ಅಂಕಿಯಲ್ಲಿ ಎಡವುವುದು. ಬರೆಯದವನು ಎಡವುವುದೇ ಇಲ್ಲ.

ಇದಕ್ಕಿಂತ ಮುಖ್ಯವಾದುದು ಯುದ್ಧದ ವೆಚ್ಚ. ಲೇಟೊವನ್ನು ಕೊಂದು ಅರ್ರಾಕಿಸನ್ನು ಮರಳಿ ಗೆದ್ದ ಬ್ಯಾರನ್ ಹಾರ್ಕೊನೆನ್ ತನ್ನ ತಮ್ಮನ ಮಗ ರಬ್ಬಾನನಿಗೆ ಆಡಳಿತವನ್ನು ವಹಿಸುತ್ತ, ಸೈನ್ಯವನ್ನು ಅಲ್ಲಿಗೆ ಸಾಗಿಸಲು ಗಿಲ್ಡ್ ಎಷ್ಟು ಬಾಡಿಗೆ ತೆಗೆದುಕೊಂಡಿತೆಂಬುದರ ಕಲ್ಪನೆಯಾದರೂ ನಿನಗಿದೆಯೇ ಎಂದು ಕೇಳುತ್ತಾನೆ. ಅರವತ್ತು ವರ್ಷ ಕಾಲ ಗ್ರಹವನ್ನು ಕಾಸು ಬಿಡದೆ ಹಿಂಡಿದರೆ ಆ ಖರ್ಚು ಹುಟ್ಟೀತು ಎಂಬುದು ಅವನ ಲೆಕ್ಕ. ಜಗತ್ತಿನ ಯುದ್ಧಕಥೆಗಳಲ್ಲಿ ಗೆದ್ದವನು ಗೆದ್ದ ಮರುಗಳಿಗೆಯಲ್ಲೇ ಸಾಗಣೆಯ ಬಿಲ್ಲನ್ನು ಎತ್ತಿ ತೋರಿಸುವ ಪ್ರಸಂಗಗಳು ಎಷ್ಟಿವೆ? ಅರವತ್ತು ವರ್ಷದ ಆದಾಯವನ್ನು ಒತ್ತೆಯಿಟ್ಟು ಅರವತ್ತು ವರ್ಷದ ಆದಾಯವನ್ನು ಗೆಲ್ಲುವುದು ವ್ಯಾಪಾರವಲ್ಲ. ಬ್ಯಾರನ್ನನ ಕಣ್ಣು ಬೇರೆ ಕಡೆಗಿದೆ: ಚೋಮ್ ನಿರ್ದೇಶಕತ್ವ, ಅದರಿಂದಾಚೆಗೆ ತನ್ನ ವಂಶಕ್ಕೆ ಸಿಂಹಾಸನ. ಅಲ್ಲದೆ ರಬ್ಬಾನನ ಕ್ರೌರ್ಯವೂ ಲೆಕ್ಕಹಾಕಿದ್ದೇ. ಅವನು ಜನರನ್ನು ಹಿಂಡಿ ದ್ವೇಷ ಕಟ್ಟಿಕೊಳ್ಳಲಿ, ಆಮೇಲೆ ತಮ್ಮನ ಇನ್ನೊಬ್ಬ ಮಗ ಫೇಯ್ಡ್‌ನನ್ನು ಉದ್ಧಾರಕನಂತೆ ಕಳಿಸಿದರಾಯಿತು ಎಂಬುದು ಹೂಟ. ಆಪತ್ಕಾಲದಲ್ಲಿ ಬೊಕ್ಕಸ ಬರಿದಾದರೆ ಅರಸನು ಪ್ರಜೆಗಳಿಂದ ಹೆಚ್ಚಿಗೆ ಕೇಳಬಹುದು, ಆದರೆ ಒಂದೇ ಬಾರಿ, ಎರಡನೆಯ ಬಾರಿ ಕೂಡದು ಎಂದು ಕೌಟಿಲ್ಯನು ಕಟ್ಟುಮಾಡಿದ್ದಾನೆ. ಅವನನ್ನು ನಿರ್ದಯನೆಂದು ಕರೆಯುವವರು ಈ ಎರಡನ್ನೂ ಜೊತೆಗಿಟ್ಟು ನೋಡಬೇಕು.

ಲೇಟೊ ಇದಕ್ಕೆ ಪ್ರತಿಯಾಗಿ ಯಾವ ಬಗೆಯ ಅರಸನು? ಅವನ ತೆರಿಗೆನೀತಿಗೆ ಕಾದಂಬರಿಯಲ್ಲಿ ಒಂದು ಚಿಕ್ಕ, ಆದರೆ ಬಹು ಸೊಗಸಾದ ದೃಷ್ಟಾಂತವಿದೆ. ಅರ್ರಾಕಿಸಿನಲ್ಲಿ ಕಳ್ಳಸಾಗಣೆದಾರರ ಗುಂಪುಗಳಿವೆ. ಅವರನ್ನು ಹಿಡಿದು ಶಿಕ್ಷಿಸುವುದರ ಬದಲು, ದಶಾಂಶವನ್ನು ತನಗೆ ಸಲ್ಲಿಸಿದರೆ ಕಂಡೂ ಕಾಣದಂತಿರುತ್ತೇನೆಂದು ಲೇಟೊ ಹ್ಯಾಲೆಕ್ ಎಂಬ ಸೇನಾನಿಯ ಮೂಲಕ ಹೇಳಿಕಳಿಸುತ್ತಾನೆ. ಲಂಚಕ್ಕೂ ಕಾವಲಾಳುಗಳಿಗೂ ಅವರು ಈವರೆಗೆ ತೆರುತ್ತಿದ್ದುದು ಇದರ ನಾಲ್ಕು ಮಡಿ ಎಂದು ಅವನ ಮಂತ್ರಿ ಹವಾತನ ಅಂದಾಜು. ಪಾದಶಾಹನಿಗೆ ತಿಳಿದರೆ ಗತಿಯೇನು ಎಂಬ ಸಂದೇಹಕ್ಕೆ ಲೇಟೊ ಕೊಡುವ ಉತ್ತರ ಕೇಳಬೇಕು: ಆ ಹಣವನ್ನೆಲ್ಲ ಪಾದಶಾಹನ ಹೆಸರಿನಲ್ಲೇ ಬಹಿರಂಗವಾಗಿ ಬ್ಯಾಂಕಿನಲ್ಲಿ ಜಮಾ ಮಾಡಿ, ತಾನು ಸೈನ್ಯದ ಬಾಬ್ತು ಅರಮನೆಗೆ ಸಲ್ಲಿಸಬೇಕಾದ ಮೊತ್ತದಿಂದ ಕಾನೂನಿಗನುಸಾರವಾಗಿ ಅದನ್ನು ವಜಾ ಮಾಡಿಕೊಳ್ಳುತ್ತಾನಂತೆ! ಕಾನೂನುಬಾಹಿರ ಸಂಪಾದನೆ, ಬಹಿರಂಗ ಜಮೆ, ಸಕ್ರಮ ವಜಾ. ಪ್ರಾಮಾಣಿಕನಾದ ಅರಸನೂ ಲೆಕ್ಕದಲ್ಲಿ ಜಾಣನಾಗಿರಬೇಕಾಗುತ್ತದೆಂಬುದನ್ನು ಹರ್ಬರ್ಟನು ಬಲ್ಲನು. ಇದೇ ಕಾದಂಬರಿಯ ಔತಣದ ಪ್ರಸಂಗದಲ್ಲಿ ಗಿಲ್ಡ್ ಬ್ಯಾಂಕಿನ ಪ್ರತಿನಿಧಿಯೊಬ್ಬನು ಅತಿಥಿಯಾಗಿ ಬರುತ್ತಾನೆ. ಪಾಲ್‌ನ ತಾಯಿ ಜೆಸಿಕಾ ಅವನ ಮಾತಿನಿಂದಲೇ ಅವನು ಹಾರ್ಕೊನೆನ್ನರ ಗೂಢಚಾರನೆಂದು ಗುರುತಿಸುತ್ತಾಳೆ. ನಮ್ಮ ವೃತ್ತಿಯವನಿಗೆ ಇಡೀ ಗ್ರಂಥದಲ್ಲಿ ದೊರೆತ ಗೌರವ ಇಷ್ಟು. ದನಿ ವಿಲ್ನವ್ ಅವರು ೨೦೨೧ರಲ್ಲಿ ಮತ್ತು ೨೦೨೪ರಲ್ಲಿ ಹೊರತಂದ ಚಲನಚಿತ್ರಗಳನ್ನು ನಮ್ಮ ಮನೆಗಳ ತರುಣರು ಮೆಚ್ಚಿ ನೋಡಿದ್ದಾರೆ. ಅವುಗಳಲ್ಲಿ ಈ ಔತಣವನ್ನು ಪೂರ್ತಿಯಾಗಿ ಕೈಬಿಡಲಾಗಿದೆ. ಮರಳನ್ನೂ ಹುಳುವನ್ನೂ ತೆರೆಯ ಮೇಲೆ ತಂದಂತೆ ಬೊಕ್ಕಸವನ್ನು ತರುವುದು ಸುಲಭವಲ್ಲವೆನ್ನೋಣ.

ಗಣಿಯ ಆಳುಗಳು ಕಥೆಯಲ್ಲಿ ಒಮ್ಮೆ ಮಾತ್ರ ನಮ್ಮ ಕಣ್ಣಿಗೆ ಹತ್ತಿರವಾಗಿ ಬರುತ್ತಾರೆ. ಲೇಟೊ ಗಣಿಗಾರಿಕೆಯನ್ನು ನೋಡಲು ವಿಮಾನದಲ್ಲಿ ಹೋದಾಗ ಒಂದು ಯಂತ್ರದತ್ತ ಹುಳು ಬರುತ್ತಿರುತ್ತದೆ. ಯಂತ್ರವನ್ನು ಎತ್ತಿಕೊಂಡು ಹೋಗಬೇಕಾದ ವಾಹಕ ಬರುವುದಿಲ್ಲ. ಒಳಗಿರುವವರು ವಾಡಿಕೆಯಂತೆ ೨೬ ಮಂದಿ. ತುಂಬಿದ ಮಸಾಲೆಯನ್ನು ಬಿಟ್ಟು ಆಳುಗಳನ್ನು ಹತ್ತಿಸಿಕೊಳ್ಳಿರೆಂದು ಲೇಟೊ ಅಪ್ಪಣೆ ಮಾಡುತ್ತಾನೆ. ಸರಕಿಗಿಂತ ಆಳು ಹೆಚ್ಚೆಂದು ಬಗೆದ ಅರಸನನ್ನು ಕಂಡು, ಅರಮನೆಯ ಸಂಬಳ ತಿನ್ನುವ ಕೈನ್ಸ್ ಎಂಬ ವಿಜ್ಞಾನಿ ತನ್ನಿಚ್ಛೆಗೆ ವಿರೋಧವಾಗಿ ಅವನನ್ನು ಮೆಚ್ಚುತ್ತಾನೆ. ಕೋಲಾರದ ಚಿನ್ನದ ಗಣಿಗಳ ಕಥೆ ಕೇಳಿ ಬೆಳೆದವರಿಗೆ ಈ ಪ್ರಸಂಗ ಬರಿಯ ಸಾಹಸವಾಗಿ ತೋರದು. ೧೮೮೦ರ ದಶಕದಿಂದ ಲಂಡನ್ನಿನ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ನಡೆದ ಆ ಗಣಿಗಳಿಂದ ಮೈಸೂರು ಸಂಸ್ಥಾನಕ್ಕೆ ರಾಯಧನ ಬರುತ್ತಿತ್ತು. ಲಾಭ ಲಂಡನ್ನಿಗೆ ಹೋಗುತ್ತಿತ್ತು. ಮೂರು ಸಾವಿರ ಮೀಟರಿಗೂ ಕೆಳಗಿಳಿದ ಬಿಸಿಲಿಲ್ಲದ ಬಿಸಿಯಲ್ಲಿ ಬಂಡೆ ಸಿಡಿಯುತ್ತಿತ್ತು. ೨೦೦೧ರಲ್ಲಿ ಗಣಿ ಮುಚ್ಚಿತು. ಆಳುಗಳ ಸಾಲುಮನೆಗಳು ಉಳಿದವು. ಆದರೆ ಒಂದು ಮಾತು ಗಮನಿಸಬೇಕು. ಆ ೨೬ ಮಂದಿಯನ್ನು ಲೇಟೊವಿನ ದೊಡ್ಡತನವನ್ನು ತೋರಿಸಲೆಂದು ತಂದ ಹರ್ಬರ್ಟನು, ಅವರಿಗೆ ಕೂಲಿಯೆಷ್ಟು, ಅವರು ಎಲ್ಲಿಂದ ಬಂದವರು ಎಂದು ಹೇಳಲಿಲ್ಲ.

ಕಾದಂಬರಿಯ ಅತ್ಯಂತ ಸಮೃದ್ಧವಾದ ಭಾಗ ಮರುಭೂಮಿಯ ಜನರಾದ ಫ್ರೆಮೆನ್ನರದು. ಅವರನ್ನು ಹಾರ್ಕೊನೆನ್ನರು ಎಂಬತ್ತು ವರ್ಷದಲ್ಲಿ ಒಮ್ಮೆಯೂ ಎಣಿಸಲಿಲ್ಲ. ಬೆರಳೆಣಿಕೆಯ ಅಲೆಮಾರಿಗಳೆಂದು ತಿಳಿದಿದ್ದರು. ಬ್ಯಾರನ್ನನ ಸೆರೆಯಾಳಾದ ಹವಾತನು ಕೂಡಿಸಿ ಗುಣಿಸಿ ಅವರು ಬ್ಯಾರನ್ ಬಗೆದುದಕ್ಕಿಂತ ಹಲವು ಮಡಿ ಎಂದು ತೋರಿಸಿದಾಗ ಬ್ಯಾರನ್ ತತ್ತರಿಸುತ್ತಾನೆ. ಕೌಟಿಲ್ಯನ ಗೋಪನೆಂಬ ಅಧಿಕಾರಿಗೆ ತನ್ನ ಹಳ್ಳಿಗಳ ಮನೆ, ಜನ, ದನ, ತೆರಿಗೆಗಳ ಪಟ್ಟಿಯಿಡುವುದೇ ಕರ್ತವ್ಯ. ಎಣಿಸದವನಿಗೆ ತೆರಿಗೆಯೂ ಸಿಗದು, ಶತ್ರುವಿನ ಬಲವೂ ತಿಳಿಯದು.

ಇಲ್ಲಿ ಹರ್ಬರ್ಟನು ಒಂದು ಅದ್ಭುತವಾದ ಸಂಗತಿಯನ್ನು ಹೆಣೆದಿದ್ದಾನೆ. ಅರ್ರಾಕಿಸಿನ ಆಕಾಶದಲ್ಲಿ ಹವಾಮಾನ ಉಪಗ್ರಹಗಳಿಲ್ಲ. ಗಿಲ್ಡ್ ಅದಕ್ಕೆ ಕೇಳುವ ಬೆಲೆ ವಿಪರೀತ. ಏಕೆಂದರೆ ಉಪಗ್ರಹಗಳನ್ನು ಇಡದಿರುವಂತೆ ಫ್ರೆಮೆನ್ನರೇ ಗಿಲ್ಡಿಗೆ ಮಸಾಲೆಯ ಲಂಚವನ್ನು ತೆರುತ್ತಿದ್ದಾರೆ. ತಮ್ಮನ್ನು ಯಾರೂ ಕಾಣದಿರಲಿ, ಯಾರೂ ಎಣಿಸದಿರಲಿ ಎಂಬುದಕ್ಕಾಗಿ ಒಂದು ಜನಾಂಗವು ಕೂಡಿ ತೆರುವ ಕಾಣಿಕೆ ಅದು. ಇಡೀ ಗ್ರಂಥದಲ್ಲಿ ತೆರುವವರು ಒಪ್ಪಿ ತೆರುವ ತೆರಿಗೆ ಇದೊಂದೇ. ಅದಕ್ಕೆ ಪ್ರತಿಫಲವೂ ಸರಿಯಾಗಿ ಸಿಗುತ್ತದೆ.

ಅವರ ನಿಜವಾದ ಬೊಕ್ಕಸ ಮಸಾಲೆಯಲ್ಲ, ನೀರು. ಸತ್ತವನ ಮೈಯ ನೀರು ಕುಲಕ್ಕೆ ಸೇರಿದ್ದು. ಜಾಮಿಸ್ ಎಂಬುವನು ದ್ವಂದ್ವದಲ್ಲಿ ಮಡಿದಾಗ ಅವನ ನೀರನ್ನು ೩೩ ಲೀಟರು, ಅದರ ಮೇಲೆ ಏಳು ಡ್ರಾಮು, ಡ್ರಾಮಿನ ಮೂವತ್ತೆರಡನೆಯ ಮೂರು ಭಾಗ ಎಂದು ಅಳೆದು, ಎಲ್ಲರ ಮುಂದೆ ಹೇಳಿ, ಗೆದ್ದ ಪಾಲ್‌ನ ಹೆಸರಿಗೆ ಲೋಹದ ಉಂಗುರಗಳನ್ನು ಕೊಡುತ್ತಾರೆ. ಉಂಗುರವು ನೀರಿನ ರಸೀದಿ. ನೀರು ಭೂಗರ್ಭದ ಕೊಳದಲ್ಲಿ ಭದ್ರವಾಗಿರುತ್ತದೆ. ಒಂದು ಗವಿಯಲ್ಲಿ ೩ ಕೋಟಿ ೮೦ ಲಕ್ಷ ಡೆಕಾಲೀಟರಿಗೂ ಮಿಕ್ಕಿದ ಸಂಗ್ರಹವಿದೆ. ಅಂಥ ಸಂಗ್ರಹಗಳು ಬಹಳ ಇವೆ. ಬಾಯಾರಿ ಸಾಯುವವನೂ ಅದನ್ನು ಮುಟ್ಟುವುದಿಲ್ಲ, ಏಕೆಂದರೆ ಅದು ಮೊಮ್ಮಕ್ಕಳ ಕಾಲಕ್ಕೆ ಮರುಭೂಮಿಯನ್ನು ಹಸಿರು ಮಾಡಲು ಕೂಡಿಟ್ಟದ್ದು. ಪೈಸೆಯ ಭಾಗಾಂಶವನ್ನೂ ಬಿಡದ ಅಳತೆ, ಬಹಿರಂಗ ಘೋಷಣೆ, ಕೈಯಲ್ಲಿ ರಸೀದಿ, ಒಪ್ಪಿದ ಉದ್ದೇಶ: ಸಾರ್ವಜನಿಕ ಹಣದ ಆಡಳಿತಕ್ಕೆ ಇದಕ್ಕಿಂತ ಹೆಚ್ಚಿನದನ್ನು ಯಾವ ಶಾಸ್ತ್ರವೂ ಕೇಳಿಲ್ಲ. ಹಾರ್ಕೊನೆನ್ನರ ೧,೦೦೦ ಕೋಟಿಯ ಲೆಕ್ಕ ತಾಳೆಯಾಗದು. ಜಾಮಿಸ್‌ನ ನೀರಿನ ಲೆಕ್ಕ ತೊಟ್ಟಿಗೂ ತಾಳೆಯಾಗುತ್ತದೆ. ಪಾದಶಾಹನ ಸೋಲಿಗೆ ಕಾರಣವನ್ನು ಪಾಲ್‌ನ ದಿವ್ಯದೃಷ್ಟಿಯಲ್ಲಿ ಹುಡುಕುವ ವಿಮರ್ಶಕರಿದ್ದಾರೆ. ನನಗೆ ಕಾಣುವ ಮಟ್ಟಿಗೆ, ಕಣ್ಣಿಗೆ ಬೀಳದ ಒಂದು ಬೊಕ್ಕಸವು ಕಣ್ಣು ಕೋರೈಸುವ ಇನ್ನೊಂದು ಬೊಕ್ಕಸವನ್ನು ಗೆದ್ದಿತು.

ಕೊನೆಯ ಸಂಧಾನವೂ ಪೂರ್ತಿಯಾಗಿ ಆರ್ಥಿಕ ಸ್ವರೂಪದ್ದು. ಪಾದಶಾಹನ ಸಾರ್ಡೌಕರ್ ಪಡೆ ಸೋತಿದೆ. ಆದರೆ ಲಾಂಡ್ಸ್‌ರಾಡಿನ ನೌಕೆಗಳು ಆಕಾಶದಲ್ಲಿ ತುಂಬಿವೆ. ಆಗ ಪಾಲ್ ಗಿಲ್ಡಿನವರಿಗೆ ಹೇಳುವುದಿಷ್ಟು: ನೌಕೆಗಳನ್ನು ಹಿಂದಕ್ಕೆ ಕಳಿಸಿರಿ, ಇಲ್ಲವೇ ಮಸಾಲೆಯನ್ನು ಶಾಶ್ವತವಾಗಿ ನಾಶಮಾಡಿಬಿಡುತ್ತೇನೆ. ಒಂದು ವಸ್ತುವನ್ನು ಅಳಿಸಿಬಿಡಲು ಶಕ್ತನಾದವನೇ ಅದರ ಒಡೆಯನೆಂಬ ತತ್ತ್ವ ಅವನದು. ದೊಡ್ಡ ಸಾಲಗಾರನು ತನ್ನ ಕಾರ್ಖಾನೆಯನ್ನೇ ಮುಚ್ಚಿಬಿಡುತ್ತೇನೆಂದು ಬೆದರಿಸಿ ಸಾಲ ಕೊಟ್ಟವರನ್ನು ಮಂಡಿಯೂರಿಸುವುದನ್ನು ನಾವು ಕಂಡಿದ್ದೇವೆ, ತತ್ತ್ವ ಹಳೆಯದೇ. ಆಮೇಲೆ ಪಾಲ್ ರಾಜಕುಮಾರಿ ಇರುಲಾನಳನ್ನು ಮದುವೆಯಾಗಲು ಒಪ್ಪಿ, ವರದಕ್ಷಿಣೆಯಾಗಿ ಚೋಮ್ ಕೂಟದಲ್ಲಿ ಪಾದಶಾಹನಿಗಿರುವ ಎಲ್ಲ ಷೇರುಗಳನ್ನೂ ಕೇಳುತ್ತಾನೆ. ಸಿಂಹಾಸನದ ಹಸ್ತಾಂತರವೆಂದರೆ ಷೇರುಗಳ ಹಸ್ತಾಂತರ. ಒಂದು ಮಹಾಕಾದಂಬರಿ ಇಷ್ಟು ಒಣ ವಾಕ್ಯದಲ್ಲಿ ತನ್ನ ಯುದ್ಧವನ್ನು ಮುಗಿಸುವುದು ಧೈರ್ಯದ ಕೆಲಸ.

ಇಲ್ಲಿಯವರೆಗಿನದು ಸ್ತುತಿ. ಇನ್ನು ಮುಂದಿನದನ್ನು ಅದೇ ನಿಷ್ಠೆಯಿಂದ ಹೇಳಬೇಕು.

೧೯೬೯ರಲ್ಲಿ ಬಂದ ಎರಡನೆಯ ಸಂಪುಟ ‘ಡ್ಯೂನ್ ಮೆಸ್ಸಾಯ’ದಲ್ಲಿ ಪಾಲ್ ಚಕ್ರವರ್ತಿಯಾಗಿ ಹನ್ನೆರಡು ವರ್ಷ ಕಳೆದಿವೆ. ಅವನ ಹೆಸರಿನಲ್ಲಿ ಫ್ರೆಮೆನ್ನರು ವಿಶ್ವದ ತುಂಬ ಧರ್ಮಯುದ್ಧ ನಡೆಸಿದ್ದಾರೆ. ಸತ್ತವರು ೬,೧೦೦ ಕೋಟಿ ಎಂದೂ, ೯೦ ಗ್ರಹಗಳು ಬರಡಾದುವೆಂದೂ, ೫೦೦ ಗ್ರಹಗಳು ಧೃತಿಗೆಟ್ಟುವೆಂದೂ ಪಾಲ್ ತಾನೇ ಲೆಕ್ಕ ಒಪ್ಪಿಸುತ್ತಾನೆ. ಹೆಣಗಳ ಲೆಕ್ಕವಿದೆ, ಹಣದ ಲೆಕ್ಕವೆಲ್ಲಿ? ಮೊದಲ ಸಂಪುಟದಲ್ಲಿ ಒಂದು ಗ್ರಹಕ್ಕೆ ಒಂದು ಸಲ ಸೈನ್ಯ ಸಾಗಿಸಲು ಅರವತ್ತು ವರ್ಷದ ಆದಾಯ ತಗಲಿತ್ತು. ಈಗ ನೂರಾರು ಗ್ರಹಗಳಿಗೆ ಸೈನ್ಯ ಸಾಗಿದೆ. ಮಸಾಲೆಯ ಹಂಗಿನಲ್ಲಿರುವ ಗಿಲ್ಡ್ ಈಗ ಬಾಡಿಗೆ ಕೇಳದೆ ಹೊತ್ತುಕೊಂಡು ಹೋಗುತ್ತದೆಂದು ಸಮಾಧಾನ ಹೇಳಿಕೊಳ್ಳಬಹುದು. ಹಾಗಾದರೆ ಅದು ಮಸಾಲೆಯ ರೂಪದಲ್ಲಿ ಕೊಟ್ಟ ಬಾಡಿಗೆಯೇ ಆಯಿತು. ಅಷ್ಟು ಮಸಾಲೆಯನ್ನು ಯಾರು ಅಗೆದರು? ನಿನ್ನೆಯ ಯೋಧರಾದ ಫ್ರೆಮೆನ್ನರು ಯಂತ್ರಗಳಿಗೆ ಇಳಿದರೇ, ಇಲ್ಲವೇ ಗೆದ್ದ ಗ್ರಹಗಳಿಂದ ಆಳುಗಳನ್ನು ತಂದರೇ? ಮೊಮ್ಮಕ್ಕಳಿಗೆಂದು ಅಳೆದು ಕೂಡಿಟ್ಟ ನೀರಿನ ಲೆಕ್ಕಕ್ಕೆ ಅಷ್ಟು ಆಸಕ್ತಿ ತೋರಿದ್ದ ಲೇಖನಿ ಇಲ್ಲಿ ಮೌನ ತಾಳುತ್ತದೆ. ಸೈನ್ಯಕ್ಕೆ ಬೊಕ್ಕಸವೇ ಬೇರು, ಬೊಕ್ಕಸವಿಲ್ಲದಿದ್ದರೆ ಸೈನ್ಯ ಶತ್ರುವಿನ ಕಡೆ ಹೋಗುತ್ತದೆ ಅಥವಾ ಒಡೆಯನನ್ನೇ ಕೊಲ್ಲುತ್ತದೆ ಎಂದು ಕೌಟಿಲ್ಯನು ಪೂರ್ವಾಚಾರ್ಯರೊಡನೆ ವಾದಿಸುವ ಪ್ರಕರಣವೊಂದಿದೆ. ಹರ್ಬರ್ಟನು ಭಕ್ತಿಯನ್ನೇ ಸಂಬಳವೆಂದು ತೋರಿಸುತ್ತಾನೆ. ಭಕ್ತಿ ಹನ್ನೆರಡು ವರ್ಷ ಸೈನ್ಯಕ್ಕೆ ಅನ್ನ ಹಾಕೀತೇ?

ಇದೇ ಸಂಪುಟದ ಮಂತ್ರಾಲೋಚನೆಯ ದೃಶ್ಯವೊಂದರಲ್ಲಿ, ನನ್ನ ಮಟ್ಟಿಗೆ, ಇಡೀ ಗ್ರಂಥಮಾಲೆಯ ಅತ್ಯಂತ ಗಂಭೀರವಾದ ಪ್ರಶ್ನೆ ಏಳುತ್ತದೆ. ಇಕ್ಸ್ ಎಂಬ ಯಂತ್ರಕುಶಲರ ಒಕ್ಕೂಟವು ಸಾಮ್ರಾಜ್ಯದ ತೆರಿಗೆಯ ವಿಷಯದಲ್ಲಿ ಒಂದು ವಿನಮ್ರವಾದ ಅರ್ಜಿ ಕಳಿಸಿದೆ. ತೆರಿಗೆ ಕೊಡೆವೆಂದು ಅವರು ಹೇಳುತ್ತಿಲ್ಲ. ಹಾಗೆ ಹೇಳುವ ಎದೆ ಅವರಿಗಿಲ್ಲ. ಅವರಿಗೆ ಬೇಕಾದದ್ದು ಒಂದು ಸಂವಿಧಾನ: ಚಕ್ರವರ್ತಿಯ ವ್ಯಕ್ತಿತ್ವಕ್ಕೆ ಹೊರಗೆ ತೆರಿಗೆಗೊಂದು ನ್ಯಾಯಸಮ್ಮತ ಆಧಾರ. ಪಾಲ್ ಅದನ್ನು ತಿರಸ್ಕರಿಸುತ್ತಾನೆ. ಸಂವಿಧಾನವೆಂಬುದು ಮನಸ್ಸಾಕ್ಷಿಯಿಲ್ಲದ, ಮಿತಿಯಿಲ್ಲದ ದಬ್ಬಾಳಿಕೆ; ವ್ಯಕ್ತಿಯಾದ ತನಗಾದರೂ ಮಿತಿಗಳಿವೆ ಎಂಬ ಧಾಟಿಯಲ್ಲಿ ಅವನು ವಾದಿಸುತ್ತಾನೆ. ಸಭೆ ಮುಂದಿನ ವಿಷಯಕ್ಕೆ ಹೋಗುತ್ತದೆ.

ಈ ವಾದವನ್ನು ಲೇಖಕನು ಮೆಚ್ಚಿ ಬರೆದನೋ, ಪಾಲ್‌ನ ಪತನದ ಗುರುತಾಗಿ ಬರೆದನೋ ಎಂದು ನಾನು ಹಲವು ಬಾರಿ ಆ ಪುಟಗಳಿಗೆ ಮರಳಿದ್ದೇನೆ. ಎರಡನೆಯದೆಂದು ಹೇಳಲು ಮನಸ್ಸಾಗುತ್ತದೆ. ನಾಯಕಪೂಜೆಯ ಅಪಾಯವನ್ನು ತೋರಿಸುವುದೇ ತನ್ನ ಉದ್ದೇಶವೆಂದು ಹರ್ಬರ್ಟನು ಹೇಳಿಕೊಂಡಿದ್ದಾನಷ್ಟೆ. ಆದರೆ ಆ ಸಭೆಯಲ್ಲಿ ಇಕ್ಸಿನ ಪರವಾಗಿ ವಾದಿಸಬಲ್ಲವನೊಬ್ಬನನ್ನು ಅವನು ಕೂರಿಸಲಿಲ್ಲ. ಎದುರು ಮಾತಿಲ್ಲದ ಸಭೆಯಲ್ಲಿ ಚಕ್ರವರ್ತಿಯ ಚಮತ್ಕಾರದ ಮಾತೇ ತೀರ್ಪಾಗಿ ಉಳಿಯುತ್ತದೆ, ಓದುಗನು ತಲೆದೂಗಿಬಿಡುತ್ತಾನೆ. ಪಾಲ್ ತನಗಿದೆಯೆಂದ ಮಿತಿ ಯಾವುದು? ೬,೧೦೦ ಕೋಟಿ ಹೆಣಗಳ ನಂತರವೂ ಅದು ಕಣ್ಣಿಗೆ ಬಿದ್ದಿಲ್ಲ. ಎಷ್ಟು ತೆರಬೇಕು ಎಂಬ ಪ್ರಶ್ನೆಯನ್ನು ಮೊದಲ ಸಂಪುಟ ಕೇಳಿತು, ಉತ್ತರಿಸಿತು. ಯಾವ ಹಕ್ಕಿನಿಂದ ಕೇಳುತ್ತೀರಿ ಎಂಬುದನ್ನು ಎರಡನೆಯದು ಇನ್ನೇನು ಕೇಳಬೇಕು ಎನ್ನುವಷ್ಟರಲ್ಲಿ ತಾನೇ ಬಾಯಿ ಮುಚ್ಚಿಕೊಂಡಿತು. ಜಾಮಿಸ್‌ನ ನೀರನ್ನು ಎಲ್ಲರ ಮುಂದೆ ಅಳೆದ ಕುಲದಲ್ಲಿ ಬೆಳೆದ ಫ್ರೆಮೆನ್ ನಾಯಕ ಸ್ಟಿಲ್ಗರನೂ ಆ ಸಭೆಯಲ್ಲಿದ್ದಾನೆ. ಅವನಿಗೂ ತನ್ನ ಗವಿಯ ರೂಢಿ ನೆನಪಾಗುವುದಿಲ್ಲ. ಈ ಗ್ರಂಥಮಾಲೆಯನ್ನು ಪ್ರೀತಿಸುವ ನನಗೆ ಕ್ಷಮಿಸಲು ಕಷ್ಟವಾಗುವ ದೋಷ ಇದೊಂದೇ.

ಮುಂದಿನ ಸಂಪುಟಗಳಲ್ಲಿ ಹರ್ಬರ್ಟನು ಮತ್ತೆ ಲೆಕ್ಕದ ಕಡೆ ತಿರುಗಿದ್ದುಂಟು. ೧೯೮೧ರ ‘ಗಾಡ್ ಎಂಪರರ್ ಆಫ್ ಡ್ಯೂನ್’ ಸಂಪುಟದಲ್ಲಿ ಪಾಲ್‌ನ ಮಗನು ಮೂರೂವರೆ ಸಾವಿರ ವರ್ಷ ಆಳುತ್ತಾನೆ. ಮರುಭೂಮಿ ಹಸಿರಾಗಿದೆ, ಹುಳುಗಳು ಅಳಿದಿವೆ, ಆದ್ದರಿಂದ ಗಣಿಯೇ ಇಲ್ಲ. ಉಳಿದಿರುವುದು ಅರಸನೊಬ್ಬನಿಗೆ ಮಾತ್ರ ಗೊತ್ತಿರುವ ಹಳೆಯ ಸಂಗ್ರಹ. ಅದರಿಂದ ಅವನು ಯಾರಿಗೆ ಎಷ್ಟು ಎಂದು ಪಡಿಯಳೆದು ಕೊಡುತ್ತಾನೆ, ಮುನಿದಾಗ ಪಡಿಯನ್ನು ಇಳಿಸುತ್ತಾನೆ. ಗಣಿಯಿಲ್ಲದ ಬೊಕ್ಕಸವು ಗಣಿಯುಳ್ಳದ್ದಕ್ಕಿಂತ ಕ್ರೂರವೆಂಬ ಈ ಕಲ್ಪನೆ ಬಲವಾದದ್ದು. ಆದರೆ ಆ ಸಂಪುಟ ಉಪದೇಶದ ಭಾರದಿಂದ ಕುಸಿದಿದೆ. ೧೯೮೪ರ ‘ಹೆರೆಟಿಕ್ಸ್ ಆಫ್ ಡ್ಯೂನ್’ ಸಂಪುಟದ ಹೊತ್ತಿಗೆ ಟ್ಲೈಲಾಕ್ಸು ಎಂಬ ಕುಟಿಲ ವಿಜ್ಞಾನಿಗಳು ಮಸಾಲೆಯನ್ನು ತೊಟ್ಟಿಗಳಲ್ಲಿ ಕೃತಕವಾಗಿ ತಯಾರಿಸತೊಡಗಿದ್ದಾರೆ. ೧೮೯೭ರಲ್ಲಿ ಜರ್ಮನಿಯ ಕಾರ್ಖಾನೆಯ ನೀಲಿ ಪೇಟೆಗೆ ಬಂದ ಮೇಲೆ ಬಿಹಾರದ ನೀಲಿಯ ತೋಟಗಳಿಗೆ ಏನಾಯಿತೆಂಬುದು ಬಲ್ಲವರಿಗೆ ಇದರ ಅರ್ಥ ಕೂಡಲೇ ಆದೀತು. ತೋಟದ ಒಡೆಯರು ಆ ನಷ್ಟವನ್ನು ರೈತರ ಮೇಲೆ ಹೊರಿಸಿದ ಕಥೆಯೇ ೧೯೧೭ರ ಚಂಪಾರಣ್ಯಕ್ಕೆ ಪೀಠಿಕೆ. ಅರ್ರಾಕಿಸಿನಲ್ಲಿ ಆ ನಷ್ಟ ಯಾರ ತಲೆಯ ಮೇಲೆ ಬಿತ್ತೆಂಬುದನ್ನು ಹರ್ಬರ್ಟನ ಆರು ಸಂಪುಟಗಳಲ್ಲಿ ನಾನು ಹುಡುಕಿದ್ದೇನೆ; ಯಂತ್ರದಿಂದಿಳಿದ ಆ ೨೬ ಮಂದಿಯ ಮಕ್ಕಳ ಮಾತು ಎಲ್ಲಿಯೂ ಬರಲಿಲ್ಲ.